ನಡುವೆ ಬರುವದು, ಅಡ್ಡ ಬರುವದು: ಒಂದು ಇಂಗ್ಲಿಷ್ ಶಬ್ದದ ವಿಚಾರ

ಹೋದ ಮಳೆಗಾಲದ ಆರಂಭದಲ್ಲಿ ನಾವು ಸಂಸೆಯ ಕಡೆಗೆ ಹೋಗಿದ್ದಾಗ, ಅಡಿಕೆ ತೋಟದ ಅಂಚಿನಲ್ಲಿರುವ ಒಂದು ಮನೆಯವರು ನಮ್ಮನ್ನು ಕರೆದು ಕೂರಿಸಿ, ಕಾಫಿ ಕೊಟ್ಟು, ತರುವಾಯ ಒಂದು ಕಾಗದವನ್ನು ನಮ್ಮ ಕೈಯಲ್ಲಿಟ್ಟರು. ಅದು ವಕೀಲರೊಬ್ಬರು ಇಂಗ್ಲಿಷಿನಲ್ಲಿ ಬರೆದದ್ದು, ಒಂದೇ ಹಾಳೆ. ಆ ಮನೆಯ ಯಜಮಾನನು ತೀರಿಹೋಗಿ ನಾಲ್ಕು ವರುಷಗಳಾಗಿದ್ದವು. ಉಯಿಲು ಬರೆದಿಟ್ಟಿರಲಿಲ್ಲ. ಅವನು ತನ್ನ ದುಡಿಮೆಯಿಂದ ಕೊಂಡ ಅಡಿಕೆ ತೋಟವನ್ನೂ ಅದರ ಮೇಲ್ಗಡೆಯ ಕಾಫಿಯನ್ನೂ ಹಂಚಿಕೊಳ್ಳುವದರಲ್ಲಿ ಗಂಡುಮಕ್ಕಳಿಬ್ಬರೂ ಒಡಂಬಡದೆ ನ್ಯಾಯಾಲಯಕ್ಕೆ ಹೋಗಿದ್ದರು. ದಾವೆಯ ಕಾಗದದಲ್ಲಿ ಅವರಿಬ್ಬರ ಹೆಸರೂ ತಾಯಿಯ ಹೆಸರೂ ಇದ್ದವು. ಘಟ್ಟದ ಕೆಳಗೆ ಮದುವೆಯಾಗಿ ಹೋದ ತಂಗಿಯ ಹೆಸರು ಮಾತ್ರ ಇರಲಿಲ್ಲ. ಈಗ ಆ ತಂಗಿಯು ತಾನು ಸಹ ಈ ವ್ಯಾಜ್ಯದಲ್ಲಿ ‘ಇಂಟರ್‌ವೀನ್’ ಮಾಡುವಂತೆ ಅಪ್ಪಣೆಯಾಗಬೇಕೆಂದು ಅರ್ಜಿ ಕೊಟ್ಟಿದ್ದಾಳೆಂಬದೇ ಆ ಹಾಳೆಯ ಸಾರಾಂಶವಾಗಿತ್ತು.

ಕಾಲೇಜಿಗೆ ಹೋಗುವ ಮೊಮ್ಮಗನು ಆ ಶಬ್ದವನ್ನು ಮೊಬೈಲಿನಲ್ಲಿ ಹುಡುಕಿದನು. ಅಲ್ಲಿ ಕಂಡ ಮೂರು ನಾಲ್ಕು ಅರ್ಥಗಳಲ್ಲಿ ‘ಅಡ್ಡ ಬರು’ ಎಂಬದನ್ನು ಆರಿಸಿ ಓದಿ ಹೇಳಿದನು. ಅಷ್ಟೇ ಸಾಕಾಯಿತು. “ನೋಡಿದಿರಾ ಮೇಷ್ಟ್ರೇ, ಒಡಹುಟ್ಟಿದವಳೇ ನಮಗೆ ಅಡ್ಡ ಬಂದಿದ್ದಾಳೆ” ಎಂದು ಹಿರಿಯವನು ನಮ್ಮೊಡನೆ ಹೇಳಿದನು. ತಾಯಿಯು ಮಾತ್ರ ಒಳಗಿನ ಬಾಗಿಲಲ್ಲಿ ನಿಂತು, “ಅಡ್ಡ ಬಂದಳು ಎಂದು ಕೋರ್ಟಿನವರೇ ಬರೆದಿದ್ದಾರೆಯೇ?” ಎಂದು ಕೇಳಿದಳು. ಮೂರು ತಿಂಗಳಿಂದ ಆ ಮನೆಯಿಂದ ಮಗಳಿಗೆ ಒಂದು ಫೋನು ಸಹ ಹೋಗಿರಲಿಲ್ಲ.

ಆ ಹೊತ್ತಿನಲ್ಲಿ ನಾವು ಕೊಟ್ಟ ಉತ್ತರವು ಅರೆಕೊರೆಯಾಗಿತ್ತು. ಆದದರಿಂದ ಹಿಂದಿರುಗಿದ ಮೇಲೆ ಆ ಶಬ್ದವನ್ನು ಬುಡದಿಂದ ವಿಚಾರಿಸಿ, ತಿಳಿದದ್ದನ್ನು ಇಲ್ಲಿ ಬರೆಯುತ್ತೇವೆ. ಇಂಥ ಕಾಗದಗಳು ಬೇರೆ ಮನೆಗಳಿಗೂ ಬರುವ ಕಾಲವಿದು.

ಇಂಗ್ಲಿಷರು ಈ ಶಬ್ದವನ್ನು ತಾವು ಹುಟ್ಟಿಸಿದವರಲ್ಲ. ಅದು ರೋಮಾಯರ ಲತೀನ್ ಭಾಷೆಯಿಂದ ಬಂದು, 16ನೇ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷ್ ಬರಹದಲ್ಲಿ ಸೇರಿತು. ಲತೀನಿನಲ್ಲಿ ‘ಇಂಟರ್’ ಅಂದರೆ ನಡುವೆ, ‘ವೆನೀರೆ’ ಅಂದರೆ ಬರುವದು. ಎರಡೂ ಕೂಡಿ ‘ನಡುವೆ ಬರುವದು’ ಎಂದಾಯಿತು. ಇದರಲ್ಲಿ ಒಳ್ಳೇದು ಕೆಟ್ಟದ್ದು ಎಂಬ ಬಣ್ಣವೇನೂ ಇಲ್ಲ. ಬೆಟ್ಟವೂ ನಡುವೆ ಬರಬಹುದು, ಮಳೆಯೂ ಬರಬಹುದು, ವರುಷಗಳೂ ಬರಬಹುದು. ಸಂಸೆಗೂ ಸಮುದ್ರಕ್ಕೂ ನಡುವೆ ಕುದುರೆಮುಖದ ಸಾಲು ಇದೆಯೆಂದು ಹೇಳುವದಕ್ಕೆ ಇಂಗ್ಲಿಷರು ಇದೇ ಕ್ರಿಯಾಪದವನ್ನು ಉಪಯೋಗಿಸುವರು. ಬೆಟ್ಟಕ್ಕೆ ಯಾರ ಮೇಲೆಯೂ ಹಗೆಯಿಲ್ಲವಷ್ಟೆ.

ಈ ಎರಡು ತುಂಡುಗಳಿಗೆ ನಮ್ಮ ದೇಶದಲ್ಲಿ ನೆಂಟರಿದ್ದಾರೆಂಬದು ಅನೇಕರಿಗೆ ಆಶ್ಚರ್ಯವಾಗಿ ತೋರೀತು. ಸರ್ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶನು 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ, ಸಂಸ್ಕೃತ, ಗ್ರೀಕ್, ಲತೀನ್ ಭಾಷೆಗಳು ಒಂದೇ ಮೂಲದಿಂದ ಹೊರಟಿರಬೇಕೆಂದು ತಿಳಿಸಿದನು. ಆ ಮೇರೆಗೆ ಲತೀನಿನ ‘ಇಂಟರ್’ ಸಂಸ್ಕೃತದ ‘ಅಂತರ್’ ಎಂಬದರ ಸಹೋದರ. ‘ವೆನೀರೆ’ಯು ‘ಗಮ್’ ಧಾತುವಿನ ಸಹೋದರ. ಆಗಮನ, ಗಮನ ಎಂದು ನಾವು ಹೇಳುವ ಮಾತುಗಳಲ್ಲಿರುವದು ಅದೇ ಗಮ್. ಇನ್ನೂ ಒಂದು ಸಂಗತಿಯುಂಟು. ಸಂಸ್ಕೃತದವರು ‘ಅಂತರ್’ ಎಂಬದಕ್ಕೆ ‘ಹೋಗು’ ಎಂಬರ್ಥದ ಮತ್ತೊಂದು ಧಾತುವನ್ನು ಸೇರಿಸಿ ‘ಅಂತರಾಯ’ ಎಂಬ ಶಬ್ದವನ್ನು ಮಾಡಿದರು. ಕಟ್ಟಡದಲ್ಲಿ ಅದು ರೋಮಾಯರ ಶಬ್ದವನ್ನೇ ಹೋಲುವದು. ನಡುವೆ ಹೋದದ್ದು, ಅಷ್ಟೇ. ಆದರೆ ಅಂತರಾಯವೆಂದರೆ ಈಗ ಕನ್ನಡದಲ್ಲಿ ವಿಘ್ನವೆಂದೇ ಅರ್ಥ. ನಡುವೆ ಬಂದದ್ದನ್ನು ವಿಘ್ನವೆಂದೆಣಿಸುವ ಅಭ್ಯಾಸವು ಬಹು ಹಳೆಯದೆಂದು ಇದರಿಂದ ತಿಳಿಯುವದು.

ಇಂಗ್ಲಿಷರಲ್ಲಿಯೂ ಹೀಗಾದದ್ದುಂಟು. ‘ಪ್ರಿವೆಂಟ್’ ಎಂಬ ಶಬ್ದಕ್ಕೆ ಈಗ ತಡೆಯುವದು ಎಂದರ್ಥ. ಅದೂ ‘ವೆನೀರೆ’ಯ ಮನೆಯದೇ, ಮೂಲದಲ್ಲಿ ‘ಮುಂದಾಗಿ ಬರುವದು’ ಎಂದಿತ್ತು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಸತ್ಯವೇದದಲ್ಲಿ ಅದನ್ನು ಆ ಹಳೆಯ ಅರ್ಥದಲ್ಲಿಯೇ ಬರೆದಿರುವದರಿಂದ, ಈಗಿನ ಇಂಗ್ಲಿಷು ಕಲಿತ ನಮ್ಮ ಯೌವನಸ್ಥರು ಆ ಸ್ಥಳಗಳನ್ನು ಓದಿ ದಿಗ್ಭ್ರಮೆಗೊಳ್ಳುವರು. ಅದೇ ಮನೆಯ ಮತ್ತೊಂದು ಮಗು ‘ರೆವಿನ್ಯೂ’, ಅಂದರೆ ‘ಹಿಂದಕ್ಕೆ ಬರುವದು’. ಕಂದಾಯ ಕಟ್ಟಿದವರಿಗೆ ಹಿಂದಕ್ಕೆ ಬಂದದ್ದೇನೆಂದು ನಮ್ಮನ್ನು ಕೇಳಬೇಡಿರಿ.

ಈಗ ಕನ್ನಡಕ್ಕೆ ಬರುವ. ಕನ್ನಡವು ಆ ಕುಲಕ್ಕೆ ಸೇರಿದ್ದಲ್ಲ. ಕಾಲ್ಡ್‌ವೆಲ್ ಪಂಡಿತರು 1856ರಲ್ಲಿ ತಮ್ಮ ದೊಡ್ಡ ವ್ಯಾಕರಣದಲ್ಲಿ ವಿವರಿಸಿದ ದ್ರಾವಿಡ ಕುಲದ ಭಾಷೆ. ಆದದರಿಂದ ನಡುವೆಂಬದಕ್ಕೆ ನಮ್ಮದೇ ಮಾತುಗಳಿವೆ. ‘ನಡು’ ಎಂಬದು ಸೊಂಟಕ್ಕೂ ಹೆಸರು, ಮಧ್ಯಕ್ಕೂ ಹೆಸರು. ತೋಟದ ಕೆಲಸಕ್ಕೆ ತಮಿಳು ಸೀಮೆಯಿಂದ ಬಂದವರನ್ನು ಕೇಳಿದರೆ, ಎರಡು ಪಕ್ಷಗಳ ನಡುವೆ ತೀರ್ಪು ಹೇಳುವವನಿಗೆ ಅವರು ‘ನಡುವರ್’ ಅನ್ನುವರು. ಮತ್ತೊಂದು ಮಾತು ‘ಅಡ್ಡ’. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕಿಟ್ಟೆಲ್ ದೊರೆಗಳ ಕೋಶವನ್ನು ತೆರೆದು ನೋಡುವವರಿಗೆ, ಈ ಚಿಕ್ಕ ಶಬ್ದದ ಸಂಸಾರವು ಎಷ್ಟು ದೊಡ್ಡದೆಂದು ತಿಳಿಯುವದು. ಉದ್ದಕ್ಕೆ ಎದುರಾದದ್ದು ಅಡ್ಡ. ಅಡ್ಡ ಬೀಳುವದು ವಂದನೆ. ಅಡ್ಡ ಬರುವದು ತಡೆ. ಅಡ್ಡ ಹೆಸರು ಅಂದರೆ ಕರೆಯುವ ಇನ್ನೊಂದು ಹೆಸರು. ಅಡ್ಡದಾರಿಯೆಂಬದು ಕೆಟ್ಟ ನಡತೆ, ಹೊತ್ತಾದಾಗ ಮಾತ್ರ ಒಳದಾರಿ. ಮರವು ರಸ್ತೆಗೆ ಅಡ್ಡ ಬಿತ್ತು ಅನ್ನುತ್ತೇವೆ. ಮಗುವನ್ನು ಹೊಡೆಯುವಾಗ ಅಜ್ಜಿಯು ಅಡ್ಡ ಬಂದಳು ಎಂದೂ ಅನ್ನುತ್ತೇವೆ; ಅಲ್ಲಿ ಅಡ್ಡವೆಂಬದು ಕೃಪೆಯೇ ಹೊರತು ಅಪರಾಧವಲ್ಲ. ಹುಡುಗನು ಮೊಬೈಲಿನಲ್ಲಿ ಕಂಡ ಮಾತು ಸುಳ್ಳಾಗಿರಲಿಲ್ಲ. ಆದರೆ ಯಾವ ಅಡ್ಡವೆಂದು ಅದು ಹೇಳಲಿಲ್ಲ, ಹೇಳುವದಕ್ಕೆ ಅದಕ್ಕೆ ಶಕ್ತಿಯೂ ಇಲ್ಲ.

ಹುಡುಗನು ಬೇರೊಂದು ಇಂಗ್ಲಿಷ್ ಶಬ್ದದ ಅರ್ಥವನ್ನು ಇದಕ್ಕೆ ಹಚ್ಚಿದನೆಂದು ನಮಗೆ ತೋರುತ್ತದೆ. ಅದು ‘ಇಂಟರ್‌ಫಿಯರ್’. ಇದರ ಹುಟ್ಟು ಲಾಯದಲ್ಲಾಯಿತು. ಹಳೆಯ ಫ್ರೆಂಚಿನಲ್ಲಿ ಒಬ್ಬರನ್ನೊಬ್ಬರು ಹೊಡೆದುಕೊಳ್ಳುವದಕ್ಕೆ ಇದ್ದ ಮಾತು ಇಂಗ್ಲೆಂಡಿಗೆ ಬಂದಾಗ, ನಡೆಯುವ ಕುದುರೆಯ ಒಂದು ಕಾಲಿನ ಗೊರಸು ಮತ್ತೊಂದು ಕಾಲಿಗೆ ಬಡಿದು ಗಾಯವಾಗುವದನ್ನು ಅದರಿಂದ ಹೆಸರಿಸಿದರು. ಲಾಳ ಕಟ್ಟುವವರು ಈಗಲೂ ಆ ದೋಷಕ್ಕೆ ಅದೇ ಹೆಸರನ್ನು ಹೇಳುವರು. ಅನಂತರ ಪರರ ಕೆಲಸದಲ್ಲಿ ತೊಡಕುವವನಿಗೆ ಆ ಶಬ್ದವು ಸಂದಿತು. ನಮ್ಮಲ್ಲಿಯೂ ಅದಕ್ಕೆ ‘ಅಡ್ಡಗಾಲು ಹಾಕುವದು’ ಎಂದೇ ಹೆಸರಲ್ಲವೋ? ಕುದುರೆಯ ಹೆಸರು ಹೊತ್ತ ಬೆಟ್ಟದ ಬುಡದಲ್ಲಿ ವಾಸಿಸುವವರಿಗೆ ಈ ಮಾತು ಬೇಗನೆ ತಿಳಿದೀತು. ಪತ್ರಿಕೆಗಳು ಇದಕ್ಕೆ ‘ಹಸ್ತಕ್ಷೇಪ’ ಎಂದೂ, ಮೊದಲಿನ ಶಬ್ದಕ್ಕೆ ‘ಮಧ್ಯಪ್ರವೇಶ’ ಎಂದೂ ಬರೆಯುತ್ತವೆ. ಒಂದರಲ್ಲಿ ಕೈ ಹಾಕುವದು, ಇನ್ನೊಂದರಲ್ಲಿ ನಡುವಿಗೆ ಪ್ರವೇಶಿಸುವದು. ಬೇರೆ ಬೇರೆ ಮಾತುಗಳಿರುವಾಗ ಅವುಗಳನ್ನು ಕಲಸಬಾರದು.

ನಡುವೆ ಬರುವವನು ಒಬ್ಬರಿಗೆ ಅಡ್ಡವೂ ಒಬ್ಬರಿಗೆ ಆಸರೆಯೂ ಆಗಿ ಕಾಣುವದಕ್ಕೆ ನಮ್ಮ ಬೆಟ್ಟಗಳಲ್ಲಿಯೇ ಸಾಕ್ಷಿಗಳಿವೆ. ಎರಡನೆಯ ಮಹಾಯುದ್ಧವು 1939ರಲ್ಲಿ ಹತ್ತಿದಾಗ ಯೂರೋಪಿನ ಪೇಟೆಗಳು ನಮ್ಮ ಕಾಫಿಗೆ ಮುಚ್ಚಿಹೋದವು. ಬೆಳೆದದ್ದನ್ನು ಕೊಳ್ಳುವವರಿಲ್ಲದೆ ಬೆಲೆಯು ಇಳಿಯಿತು. ಆಗ ಸರಕಾರವು 1940ರಲ್ಲಿ ಮೊದಲು ತಾತ್ಕಾಲಿಕವಾಗಿಯೂ, 1942ರಲ್ಲಿ ಕಾಯಿದೆಯ ಮೂಲಕವೂ, ಬೆಳೆಗಾರನಿಗೂ ಕೊಳ್ಳುವವನಿಗೂ ನಡುವೆ ಬಂದು ಕಾಫಿ ಬೋರ್ಡನ್ನು ನಿಲ್ಲಿಸಿತು. ಬೆಳೆಗಾರನು ತನ್ನ ಕಾಫಿಯನ್ನು ‘ಪೂಲ್’ ಎಂಬ ಒಟ್ಟು ರಾಶಿಗೆ ಒಪ್ಪಿಸಬೇಕು. ಬೋರ್ಡು ಹರಾಜಿನಲ್ಲಿ ಮಾರಿ, ಹಣವನ್ನು ಕಂತು ಕಂತಾಗಿ ಕೊಡುವದು. ಮೊದಮೊದಲು ಅದು ಮುಳುಗುವವನಿಗೆ ಸಿಕ್ಕಿದ ಬಳ್ಳಿಯಾಗಿತ್ತು. ವರುಷಗಳು ಕಳೆದಂತೆ, ಕಂತು ತಡವಾದಾಗೆಲ್ಲಾ, ‘ನಮ್ಮ ಬೆಳೆಗೂ ನಮ್ಮ ಹಣಕ್ಕೂ ಇವರು ಅಡ್ಡ’ ಎಂಬ ಗೊಣಗಾಟವು ಹೆಚ್ಚಾಯಿತು. 1992ರಿಂದ ಕಟ್ಟು ಸಡಿಲವಾಗುತ್ತಾ ಬಂದು, 1996ರಲ್ಲಿ ಎಲ್ಲಾ ಬೆಳೆಗಾರರೂ ತಮ್ಮ ಕಾಫಿಯನ್ನು ತಾವೇ ಮಾರಬಹುದೆಂದಾಯಿತು. ತರುವಾಯ ಕೆಲವೇ ವರುಷಗಳಲ್ಲಿ, ಸುಮಾರು 2000ದಿಂದ 2002ರ ವರೆಗೆ, ಲೋಕದಲ್ಲೆಲ್ಲಾ ಕಾಫಿಯ ಬೆಲೆ ಬಿದ್ದುಹೋದಾಗ, ಅದೇ ಜನರಲ್ಲಿ ಕೆಲವರು ಬೋರ್ಡು ಯಾಕೆ ನಡುವೆ ಬರುವದಿಲ್ಲವೆಂದು ಕೇಳಿದರು. ನಾವು ಅವರನ್ನು ಹಾಸ್ಯ ಮಾಡುವದಿಲ್ಲ. ಹಸಿದವನಿಗೂ ಉಂಡವನಿಗೂ ಒಂದೇ ಬಾಗಿಲು ಎರಡಾಗಿ ಕಾಣುವದು.

ಇನ್ನೊಂದು ಸಾಕ್ಷಿಯು ಇದಕ್ಕಿಂತಲೂ ಹತ್ತಿರದ್ದು. ಕಾಗದದಲ್ಲಿದ್ದ ಶಬ್ದಕ್ಕೂ ಸರಿಯಾಗಿ ಸಲ್ಲುವದು. ಇರಾನ್ ದೇಶಕ್ಕೆ ಕಬ್ಬಿಣದ ಅದಿರನ್ನು ಒದಗಿಸುವದಕ್ಕಾಗಿ 1976ರಲ್ಲಿ ಕುದುರೆಮುಖದ ಕಂಪೆನಿಯು ಸ್ಥಾಪಿತವಾಯಿತು. 1979ರಲ್ಲಿ ಇರಾನಿನ ಅರಸನ ಪ್ರಭುತ್ವವು ಬಿದ್ದುಹೋಗಿ ಆ ಒಡಂಬಡಿಕೆಯು ನಿಂತರೂ, ಕೆಲಸವು ನಿಲ್ಲಲಿಲ್ಲ. ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಕೊಳವೆಯ ಮೂಲಕ ಘಟ್ಟ ಇಳಿಸಿ ಮಂಗಳೂರಿಗೆ ಕಳುಹಿಸುತ್ತಿದ್ದರು. ಉಳಿದ ಕೆಸರನ್ನು ತಡೆಹಿಡಿಯುವದಕ್ಕೆ ಲಕ್ಯಾ ಎಂಬಲ್ಲಿ ಒಡ್ಡು ಕಟ್ಟಿದರು. 1987ರಲ್ಲಿ ಆ ಕಾಡುಗಳನ್ನು ರಾಷ್ಟ್ರೀಯ ಉದ್ಯಾನವೆಂದು ಮೊದಲನೆಯ ಸಾರಿ ಸಾರಿದರು. ಗಣಿಯ ಗುತ್ತಿಗೆಯ ಮೂವತ್ತು ವರುಷಗಳು 1999ರಲ್ಲಿ ಮುಗಿದವು. ಅದನ್ನು ಮುಂದುವರಿಸಬೇಕೋ ಬಾರದೋ ಎಂಬ ತರ್ಕವೆದ್ದಿತು.

ಆ ಸಮಯಕ್ಕೆ ದಿಲ್ಲಿಯ ಶ್ರೇಷ್ಠ ನ್ಯಾಯಾಲಯದಲ್ಲಿ ಬೇರೊಂದು ವ್ಯಾಜ್ಯವು ನಡೆಯುತ್ತಲಿತ್ತು. ನಿಲಂಬೂರಿನ ಗೋದವರ್ಮನ್ ತಿರುಮುಲ್ಪಾಡರು ನೀಲಗಿರಿ ಸೀಮೆಯಲ್ಲಿ ಮರ ಕಡಿಯುವದರ ವಿರೋಧವಾಗಿ 1995ರಲ್ಲಿ ತಂದ ವ್ಯಾಜ್ಯವದು. ಅದರಲ್ಲಿ ಕುದುರೆಮುಖದ ಹೆಸರೇ ಇರಲಿಲ್ಲ. ಆದರೆ ದೇಶದ ಕಾಡುಗಳೆಲ್ಲವೂ ಆ ಒಂದೇ ವ್ಯಾಜ್ಯದೊಳಕ್ಕೆ ಬಂದದ್ದರಿಂದ, ಮೊದಲು ಅದರಲ್ಲಿಲ್ಲದವರು ಅರ್ಜಿಗಳ ಮೂಲಕ ನಡುವೆ ಪ್ರವೇಶಿಸತೊಡಗಿದರು. ನಾಗರಹೊಳೆಯಲ್ಲಿ ವಲಯಾಧಿಕಾರಿಯಾಗಿದ್ದು ನಿವೃತ್ತರಾದ ಕೆ. ಎಂ. ಚಿಣ್ಣಪ್ಪನವರು ಕುದುರೆಮುಖದ ಗಣಿಯ ವಿಷಯವಾಗಿ ಹಾಗೆಯೇ ಅರ್ಜಿ ಹಾಕಿದರು. ಭದ್ರೆಗೆ ಇಳಿಯುವ ಕೆಸರು, ಉದ್ಯಾನದ ಕಾಡು, ಮುಗಿದ ಗುತ್ತಿಗೆ, ಇವುಗಳೆಲ್ಲವೂ ಅಲ್ಲಿ ವಿಚಾರಣೆಯಾದವು. 2002ನೇ ಅಕ್ಟೋಬರ್ 30ರಲ್ಲಿ ಆದ ತೀರ್ಪಿನ ಮೇರೆಗೆ, 2005ನೇ ದಶಂಬರ್ 31ಕ್ಕೆ ಗಣಿಯು ನಿಂತಿತು.

ಆ ಅರ್ಜಿಯು ಅಡ್ಡವೋ ಆಸರೆಯೋ? ಕುದುರೆಮುಖದ ಊರಿನಲ್ಲಿ ಸಂಬಳ ಪಡೆದು ಮಕ್ಕಳನ್ನು ಓದಿಸಿದವನಿಗೂ, ಆ ಊರಿಗೆ ಹಾಲು ತರಕಾರಿ ಹೊತ್ತು ಮಾರಿದವನಿಗೂ ಅದು ಅಡ್ಡವೇ. ಈಗ ಅಲ್ಲಿನ ಬರಿದಾದ ಮನೆಗಳನ್ನು ದಾಟಿ ಹೋಗುವಾಗ ಅವರ ಮಾತನ್ನು ತಳ್ಳಿಬಿಡಲು ನಮಗೆ ಮನಸ್ಸು ಬಾರದು. ಭದ್ರೆಯ ಕೆಳಗಡೆ ಗದ್ದೆಗೆ ಕೆಂಪು ಕೆಸರು ಬಂದದ್ದನ್ನು ಕಂಡವನಿಗೆ ಅದು ಆಸರೆ. ನದಿಗಾಗಿಯೂ ಕಾಡಿಗಾಗಿಯೂ ಯಾರೋ ಒಬ್ಬರು ನಡುವೆ ಬರಲೇಬೇಕಾಗಿತ್ತು, ಅವು ತಾವಾಗಿ ಅರ್ಜಿ ಕೊಡಲಾರವು ಎಂದು ನಮ್ಮ ಅಭಿಪ್ರಾಯ. ಆದರೆ ಒಂದೇ ಶಬ್ದವು ಎರಡು ಮನೆಗಳಲ್ಲಿ ಎರಡು ಬಗೆಯಾಗಿ ಕೇಳಿಬಂದದ್ದು ನಿಜ.

ರೋಮ್ ಪಟ್ಟಣದಲ್ಲಿ ಈ ಕೆಲಸಕ್ಕಾಗಿಯೇ ಒಂದು ಅಧಿಕಾರವಿತ್ತು. ಬಡಜನರು ದೊಡ್ಡವರ ದಬ್ಬಾಳಿಕೆಯನ್ನು ತಾಳಲಾರದೆ ಪಟ್ಟಣವನ್ನೇ ಬಿಟ್ಟು ಹೊರಟುಹೋದದ್ದರಿಂದ, ಕ್ರಿಸ್ತಪೂರ್ವ 494ರಲ್ಲಿ ಅವರಿಗೆ ತಮ್ಮವರೇ ಆದ ‘ಟ್ರಿಬ್ಯೂನ್’ ಎಂಬ ಅಧಿಪತಿಗಳನ್ನು ಕೊಟ್ಟರೆಂದು ರೋಮಾಯರ ಚರಿತ್ರೆಯು ಹೇಳುವದು. ಅಧಿಕಾರಿಯು ಬಡವನನ್ನು ಹಿಡಿಯಬಂದರೆ ಟ್ರಿಬ್ಯೂನನು ತಾನೇ ಹೋಗಿ ನಡುವೆ ನಿಲ್ಲುವನು. ಅವನ ಮೈಮೇಲೆ ಕೈ ಮಾಡುವದು ಮಹಾ ಅಪರಾಧ. ಆದದರಿಂದ ಅವನ ಮೈಯೇ ಬೇಲಿ. ರಾತ್ರಿ ಹಗಲು ಅವನ ಮನೆಯ ಬಾಗಿಲು ಮುಚ್ಚಬಾರದೆಂಬ ಕಟ್ಟಳೆಯೂ ಇತ್ತು. ಯಾಕಂದರೆ ದೂರು ಹೇಳುವವನು ಯಾವ ಹೊತ್ತಿನಲ್ಲಿ ಓಡಿಬರುವನೋ ತಿಳಿಯದು. ಆ ನಿಲ್ಲುವಿಕೆಗೆ ಲತೀನಿನಲ್ಲಿ ಇದ್ದ ಹೆಸರು ‘ಇಂಟರ್‌ಸೆಸ್ಸಿಯೋ’, ನಡುವೆ ಹೋಗುವದು. ಅದೇ ಶಬ್ದವು ಇಂಗ್ಲಿಷಿನ ಸಭೆಗಳಲ್ಲಿ ಪರರಿಗಾಗಿ ಮಾಡುವ ಪ್ರಾರ್ಥನೆಗೆ ಹೆಸರಾಗಿ ನಿಂತಿದೆ. ನಮ್ಮ ಕನ್ನಡ ಸತ್ಯವೇದದ ಭಾಷಾಂತರಕಾರರು ಅಂಥಲ್ಲಿ ದೊಡ್ಡ ಶಬ್ದವನ್ನು ಹುಡುಕದೆ ‘ಬೇಡು’ ಎಂಬ ಮನೆಮಾತನ್ನೇ ಇಟ್ಟರು. ಸೊದೋಮಿಗಾಗಿ ಅಬ್ರಹಾಮನು ಐವತ್ತರಿಂದ ಹತ್ತರ ವರೆಗೆ ಇಳಿಸುತ್ತಾ ಬೇಡಿದ ಕಥೆಯನ್ನು ಕೇಳಿದ ನಮ್ಮವರಿಗೆ, ಸಂತೆಯಲ್ಲಿ ಚೌಕಾಶಿ ಮಾಡಿ ಬಲ್ಲವರಿಗೆ, ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಮಧ್ಯಸ್ಥ’ ಎಂಬದು ಇನ್ನೊಂದು. ಮಧ್ಯದಲ್ಲಿ ನಿಂತವನು ಎಂದರ್ಥ. ಕನ್ನಡ ಸತ್ಯವೇದದಲ್ಲಿ ಕ್ರಿಸ್ತನಿಗೆ ಹೇಳಿದ ಹೆಸರುಗಳಲ್ಲಿ ಇದೂ ಒಂದು. ಹೊರಗಿನಿಂದ ಬಂದು ಸೇರುವವನಿಗೂ, ಎರಡು ಕಡೆಗೂ ಕೈಯೆಟುಕುವ ಹಾಗೆ ನಿಂತಿರುವವನಿಗೂ ಭೇದವುಂಟು. ಯೋಬನು ಹುಡುಕಿದ್ದು ಈ ಎರಡನೆಯವನನ್ನು. ಇಬ್ಬರ ಮೇಲೆಯೂ ಕೈಯಿಡಬಲ್ಲವನು ಸಿಕ್ಕಲಿಲ್ಲವಲ್ಲಾ ಎಂದು ಅವನು ದುಃಖಪಟ್ಟನು. ಆ ಸ್ಥಳದಲ್ಲಿ 1611ರ ಇಂಗ್ಲಿಷ್ ಸತ್ಯವೇದವು ‘ಡೇಸ್‌ಮನ್’ ಎಂಬ ಹಳೆಯ ಶಬ್ದವನ್ನಿಟ್ಟಿದೆ. ‘ದಿನದವನು’ ಎಂದು ಅದರ ಅಕ್ಷರಾರ್ಥ; ವ್ಯಾಜ್ಯಗಾರರನ್ನು ಕೂಡಿಸುವದಕ್ಕೆ ದಿನ ಗೊತ್ತುಮಾಡುವವನು. ನ್ಯಾಯಾಲಯಕ್ಕೆ ಹೋಗಿ ಬರುವ ನಮ್ಮ ಜನರು ‘ದಿನಾಂಕ ಕೊಟ್ಟರು’ ಎಂದು ಹೇಳುವಾಗ ಈ ಮಾತು ನಮಗೆ ನೆನಪಾಗುವದುಂಟು.

ಹೀಗಿರಲಾಗಿ ಆ ವಕೀಲರ ಕಾಗದಕ್ಕೆ ತಿರುಗಿ ಬರುವ. ನ್ಯಾಯಾಲಯದ ಭಾಷೆಯಲ್ಲಿ ನಡುವೆ ಬರುವದೆಂದರೆ, ಮೊದಲಿನ ದಾವೆಯಲ್ಲಿ ಹೆಸರಿಲ್ಲದವರು, ‘ಈ ತೀರ್ಪು ನನಗೂ ತಗಲುವದು, ನನ್ನ ಮಾತನ್ನೂ ಕೇಳಬೇಕು’ ಎಂದು ಒಳಗೆ ಬರುವದು. ಸೇರಿಸಬೇಕಾದವರನ್ನು ಸೇರಿಸುವದಕ್ಕೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ದಾರಿಯಿದೆ. ಈ ಮನೆಯ ವಿಷಯದಲ್ಲಿ ತಂಗಿಯು ಸೇರಬೇಕಾದವಳೇ. ಉಯಿಲಿಲ್ಲದೆ ತೀರಿಹೋದ ಕ್ರೈಸ್ತನ ಆಸ್ತಿಯು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಹಂಚಲ್ಪಡುವದು: ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ ಸರಿಸಮ, ಗಂಡು ಹೆಣ್ಣೆಂಬ ಭೇದವಿಲ್ಲ. ಆಸ್ತಿಯನ್ನು ಒಂಬತ್ತು ಭಾಗ ಮಾಡಿದರೆ ಈ ಮನೆಯ ತಾಯಿಗೆ 3, ಮೂರು ಮಕ್ಕಳಿಗೆ ತಲಾ 2. ತಿರುವಾಂಕೂರು ಸೀಮೆಯ ಕ್ರೈಸ್ತರಲ್ಲಿ ಮಗಳಿಗೆ ಬಹು ಕಡಿಮೆ ಕೊಡುವ ಬೇರೆ ಕಾಯಿದೆಯೊಂದು ಇತ್ತು. ಮೇರಿ ರಾಯ್ ಎಂಬವರು ತಂದ ವ್ಯಾಜ್ಯದಲ್ಲಿ 1986ರಲ್ಲಿ ಶ್ರೇಷ್ಠ ನ್ಯಾಯಾಲಯವು ಅಲ್ಲಿಯೂ 1925ರ ಕಾಯಿದೆಯೇ ನಡೆಯಬೇಕೆಂದು ತೀರ್ಮಾನಿಸಿತು. ನಮ್ಮ ಕಡೆಯವರಿಗೆ ಆ ಅಡಚಣೆ ಎಂದೂ ಇರಲಿಲ್ಲ. ಆದರೂ ‘ಮದುವೆ ಮಾಡಿ ಕೊಟ್ಟಾಯಿತಲ್ಲಾ’ ಎಂಬ ಮಾತು ಎಷ್ಟು ಮನೆಗಳಲ್ಲಿ ಕಾಯಿದೆಯಾಗಿ ನಡೆಯುತ್ತಿದೆ!

ಇಲ್ಲಿ ಒಂದು ಸೂಕ್ಷ್ಮವಿದೆ. ಅವಳು ನಡುವೆ ಬಂದಳೆಂಬದು ಕಾಗದದ ಲೆಕ್ಕದಲ್ಲಿ ಮಾತ್ರ. ದಾವೆಯ ಹಾಳೆಯಲ್ಲಿ ಅಣ್ಣ, ತಮ್ಮ, ತಾಯಿ ಎಂದು ಮೂವರನ್ನು ಬರೆದು ಅವಳನ್ನು ಬಿಟ್ಟಿದ್ದರಿಂದ, ಆ ಹಾಳೆಗೆ ಅವಳು ಹೊರಗಿನವಳಾಗಿ, ಒಳಗೆ ಬರುವದಕ್ಕೆ ಅಪ್ಪಣೆ ಕೇಳಬೇಕಾಯಿತು. ಬಿಟ್ಟವರು ಯಾರೋ, ನಡುವೆ ಬಂದಳೆಂಬ ಹೆಸರು ಯಾರಿಗೋ.

ಮಳೆ ಹಿಂದಾದ ಮೇಲೆ ನಾವು ಪುನಃ ಆ ಮನೆಗೆ ಹೋಗಿ ಇದನ್ನೆಲ್ಲಾ ಹಿರಿಯವನ ಮುಂದೆ ಹೇಳಿದೆವು. ಕುದುರೆಯ ಕಾಲಿನ ಸಂಗತಿಗೆ ಅವನು ನಕ್ಕನು. ಪಾಲಿನ ಲೆಕ್ಕಕ್ಕೆ ನಗಲಿಲ್ಲ. ಮೊಮ್ಮಗನು ಒಂಬತ್ತು ಗೆರೆಗಳನ್ನು ಎಳೆದು, ಎರಡೆರಡಾಗಿ ಸುತ್ತು ಹಾಕಿ ನೋಡಿದನು. “ಹಾಗಾದರೆ ಕನ್ನಡದಲ್ಲಿ ಏನು ಬರೆಯಬೇಕಾಗಿತ್ತು, ಮೇಷ್ಟ್ರೇ?” ಎಂದು ಕೇಳಿದನು. “ದಾವೆಯಲ್ಲಿ ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಕೇಳಿದ್ದಾಳೆ, ಎಂದು ಬರೆದರೆ ಸಾಕು” ಅಂದೆವು. ತಾಯಿಯು ಒಳಗಿನಿಂದ, “ಅಷ್ಟೇಯೋ?” ಅಂದಳು.

ನ್ಯಾಯಾಲಯವು ತಂಗಿಯ ಅರ್ಜಿಯನ್ನು ಒಪ್ಪಿ, ಎಲ್ಲರನ್ನೂ ಮಧ್ಯಸ್ಥಿಕೆಗೆ ಕಳುಹಿಸಿದೆ. ಇದು 2002ರಿಂದ ಸಂಹಿತೆಯಲ್ಲಿರುವ ಏರ್ಪಾಡು; ಬೆಂಗಳೂರಿನಲ್ಲಿ 2007ರಿಂದ ಇದಕ್ಕಾಗಿ ಕೇಂದ್ರವೊಂದಿದೆ, ಜಿಲ್ಲೆಗಳಲ್ಲಿಯೂ ನಡೆಯುತ್ತದೆ. ಅಲ್ಲಿ ಕೂರುವ ಮಧ್ಯಸ್ಥನು ತೀರ್ಪು ಹೇಳುವವನಲ್ಲ. ಇಬ್ಬರ ಮಾತನ್ನು ಇಬ್ಬರಿಗೂ ಕೇಳಿಸುವವನು. ಅಲ್ಲಿ ಒಡಂಬಡದೆ ಹೋದರೆ ವ್ಯಾಜ್ಯವು ಹಿಂದಿರುಗಿ ನ್ಯಾಯಾಧೀಶರ ಮುಂದೆ ಬರುವದು. ಅಡಿಕೆ ಕೊಯ್ಲಿನ ನಡುವಿನಲ್ಲಿಯೇ ದಿನಾಂಕ ಕೊಟ್ಟಿದ್ದಾರೆಂದು ಹಿರಿಯವನು ಬೇಸರಪಟ್ಟನು. ನಾವು ಎದ್ದು ಹೊರಟಾಗ ಅಂಗಳದ ವರೆಗೆ ಬಂದು, ಘಟ್ಟದ ಕೆಳಗಿನಿಂದ ಬರುವ ಬಸ್ಸು ಈಗ ಕಳಸಕ್ಕೆ ಎಷ್ಟು ಗಂಟೆಗೆ ಮುಟ್ಟುವದೆಂದು ಕೇಳಿದನು. ಯಾಕೆಂದು ನಾವು ಕೇಳಿದ್ದಕ್ಕೆ, ಅವಳು ಹಿಂದಿನ ದಿನವೇ ಬರುವದಾದರೆ ಬಸ್ ನಿಲ್ದಾಣಕ್ಕೆ ಜೀಪು ಕಳುಹಿಸಬೇಕಾದೀತು ಎಂದನು.